ಕ್ವಾರ್ಟರ್ ಗ್ಲಾಸ್ ಒಡೆದರೆ: ಯಾವ ಗಾಜು, ಯಾರ ಕೈಯಲ್ಲಿ, ಯಾವ ಹವೆಯಲ್ಲಿ

ಆಗಸ್ಟ್ ಕೊನೆಯ ವಾರ. ಎರಡು ದಿನ ಮಳೆ ಬಿಟ್ಟಿತ್ತು. ಇದೇ ಹೊತ್ತು ಎಂದು ಮೇಸ್ತ್ರಿ ಮನೆ ಹಿಂದಿನ ಬರೆಯ ಇಳಿಜಾರಿನಲ್ಲಿ ಕಳೆ ಹೊಡೆಯಲು ಎರಡು ಮೆಷಿನ್ ಇಳಿಸಿದ್ದರು. ಕಣದ ಪಕ್ಕ ನನ್ನ ಎಲೆಕ್ಟ್ರಿಕ್ ಎಸ್‌ಯುವಿ ನಿಲ್ಲಿಸಿ ನಾನು ಆಗಷ್ಟೇ ಒಳಗೆ ಬಂದಿದ್ದೆ. ಹೊರಗೆ ಪಟಾಕಿ ಸಿಡಿದ ಹಾಗೆ ಒಂದು ಸದ್ದು. ಬ್ಲೇಡಿಗೆ ಸಿಕ್ಕ ಕಡಲೆಕಾಳಿನಷ್ಟು ಕಲ್ಲು ಹಾರಿ ಬಂದು ಹಿಂದಿನ ಬಾಗಿಲಿನ ಆಚೆಗಿರುವ ಗಾಜಿಗೆ, ಅಂದರೆ ಕ್ವಾರ್ಟರ್ ಗ್ಲಾಸಿಗೆ, ಬಡಿದಿತ್ತು. "ಇಷ್ಟು ಸಣ್ಣ ಕಲ್ಲು ಸಾರ್, ಗಾಜೇ ಇಲ್ಲದ ಹಾಗೆ ಆಯ್ತಲ್ಲ" ಎಂದು ಮೇಸ್ತ್ರಿ ಕಲ್ಲನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ಅವರದ್ದೇನೂ ತಪ್ಪಿಲ್ಲ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜಿನ ಗುಣವೇ ಅದು. ಕೈಯಲ್ಲಿ ಗುದ್ದಿದರೆ ಜಗ್ಗುವುದಿಲ್ಲ. ಚೂಪಾದ ಸಣ್ಣ ಕಲ್ಲು ವೇಗವಾಗಿ ತಾಗಿದರೆ ಇಡೀ ಗಾಜು ಒಮ್ಮೆಗೇ ಕಲ್ಲುಸಕ್ಕರೆಯಂತೆ ಉದುರುತ್ತದೆ. ವಿಂಡ್‌ಶೀಲ್ಡಿನ ಸಣ್ಣ ಬಿರುಕಿಗೆ ರಾಳ ತುಂಬುವಂಥ ರಿಪೇರಿ ಇದಕ್ಕಿಲ್ಲ, ಹೊಸದನ್ನೇ ಹಾಕಬೇಕು.

ಆ ಗಾಡಿ ಸರಿಹೋಗಲು ಏಳು ವಾರ ಹಿಡಿಯಿತು. ಒಂದು ಗಾಜಿನ ಜಾಗಕ್ಕೆ ಎರಡು ಗಾಜು ಕೊಂಡೆ. ಎರಡನೆಯದರ ಅಗತ್ಯ ಬಿದ್ದದ್ದು ಮೊದಲನೆಯದು ಒಡೆದದ್ದಕ್ಕಲ್ಲ, ನೀರು ಬಿಟ್ಟದ್ದಕ್ಕೆ. ಈಗ ವಿರಾಜಪೇಟೆ, ಸಿದ್ದಾಪುರ, ಸುಂಟಿಕೊಪ್ಪದ ಕಡೆ ಇಂಥ ದುಬಾರಿ ಎಲೆಕ್ಟ್ರಿಕ್ ಎಸ್‌ಯುವಿಗಳು ಹೋಂಸ್ಟೇಗೆ ಬರುವವರ ಹತ್ತಿರ ಮಾತ್ರವಲ್ಲ, ಇಲ್ಲಿಯವರ ಹತ್ತಿರವೂ ಇವೆ. ತೋಟದ ರಸ್ತೆ, ಕಳೆ ಮೆಷಿನ್, ಮುರಿದು ಬೀಳುವ ಸಿಲ್ವರ್ ಓಕ್ ಕೊಂಬೆ, ಇವೆಲ್ಲ ಇರುವ ಊರಿನಲ್ಲಿ ಪಕ್ಕದ ಗಾಜು ಒಡೆಯುವುದು ದೊಡ್ಡ ಆಶ್ಚರ್ಯವೇನಲ್ಲ. ಒಡೆದಾಗ ನಾಲ್ಕಾರು ದಾರಿ ಕಾಣುತ್ತವೆ. ಅವುಗಳ ನಡುವೆ ಹೇಗೆ ಆರಿಸಬೇಕೆಂದು ನನಗೆ ಈಗ ಸ್ಪಷ್ಟವಾಗಿದೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಗಾಜಿನಲ್ಲಿ ಸ್ವಲ್ಪ ಉಳಿಸಬಹುದು, ಅಂಟಿನಲ್ಲಿ ಒಂದು ರೂಪಾಯಿಯನ್ನೂ ಉಳಿಸಬೇಡಿ. ಕೊಡಗಿನ ಮಳೆಗೆ ಎದುರು ನಿಲ್ಲುವುದು ಗಾಜಲ್ಲ, ಗಾಜಿನ ಸುತ್ತ ಬೆರಳಗಲದ ಆ ಕಪ್ಪು ಅಂಟಿನ ಪಟ್ಟಿ.

ಒಡೆದದ್ದು ಯಾವ ಗಾಜು?

ಫೋನಿನಲ್ಲಿ "ಹಿಂದಿನ ಸೈಡ್ ಗ್ಲಾಸ್" ಎಂದರೆ ಮೂವರು ಮೂರು ಗಾಜಿನ ಬೆಲೆ ಹೇಳುತ್ತಾರೆ. ಹಿಂದಿನ ಬಾಗಿಲಲ್ಲಿ ಇಳಿಯುವ ದೊಡ್ಡ ಗಾಜು ಒಂದು. ಅದೇ ಬಾಗಿಲ ತುದಿಯಲ್ಲಿ ಇಳಿಯದೆ ನಿಂತಿರುವ ಸಣ್ಣ ತ್ರಿಕೋನ ಇನ್ನೊಂದು. ಬಾಗಿಲು ಮುಗಿದ ಮೇಲೆ, ಡಿಕ್ಕಿಯ ಪಕ್ಕದಲ್ಲಿ, ಬಾಡಿಗೇ ಕೂರಿಸಿರುವ ಗಾಜು ಮೂರನೆಯದು. ಕ್ವಾರ್ಟರ್ ಗ್ಲಾಸ್ ಎನ್ನುವುದು ಸರಿಯಾಗಿ ಇದಕ್ಕೆ.

ಬಾಗಿಲೊಳಗಿನ ತ್ರಿಕೋನ ಸಾಮಾನ್ಯವಾಗಿ ರಬ್ಬರ್ ಬೀಡಿಂಗಿನಲ್ಲಿ, ಒಂದು ಲೋಹದ ಕಂಬಿಗೆ ಒತ್ತಿಕೊಂಡು ನಿಂತಿರುತ್ತದೆ. ಬಾಗಿಲ ಟ್ರಿಮ್, ಅಂದರೆ ಒಳಹೊದಿಕೆ, ಬಿಚ್ಚಬಲ್ಲ ಒಳ್ಳೆಯ ಮೆಕ್ಯಾನಿಕ್ ಇದ್ದರೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ನಿಮ್ಮದು ಇದಾದರೆ ಸರಿಯಾದ ಗಾಜು ತರಿಸಿ ಹತ್ತಿರದಲ್ಲೇ ಹಾಕಿಸಿಕೊಳ್ಳಿ. ಈ ಬರಹದ ಮುಕ್ಕಾಲು ಪಾಲು ನಿಮಗೆ ಬೇಕಾಗುವುದಿಲ್ಲ.

ಬಾಡಿಗೆ ಕೂರಿಸಿದ ಗಾಜಿನ ಕಥೆ ಬೇರೆ. ಅದನ್ನು ಪಾಲಿಯುರೆಥೇನ್ ಅಂಟಿನಿಂದ ಲೋಹದ ಚೌಕಟ್ಟಿಗೆ ಅಂಟಿಸಿರುತ್ತಾರೆ. ಅಂಗಡಿಯವರು ಪಿಯು ಎನ್ನುವುದು ಇದನ್ನೇ. ಅಂಚಿನ ಕಪ್ಪು ಮೋಲ್ಡಿಂಗನ್ನು ಕಾರ್ಖಾನೆಯಲ್ಲೇ ಗಾಜಿನ ಜೊತೆ ಎರಕ ಹೊಯ್ದಿರುವುದರಿಂದ ಗಾಜು ಒಂದು ಕಡೆ, ಬೀಡಿಂಗ್ ಇನ್ನೊಂದು ಕಡೆ ಕೊಳ್ಳಲು ಆಗುವುದಿಲ್ಲ. ಹಳೆಯ ಅಂಟನ್ನು ತಂತಿಯಿಂದಲೋ ಉದ್ದ ಬ್ಲೇಡಿನಿಂದಲೋ ಕೊಯ್ದು ತೆಗೆಯಬೇಕು. ಅದಕ್ಕೂ ಮೊದಲು ಒಳಗಿನ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಬೇಕು. ಅದರ ಹಿಂದೆ, ಛಾವಣಿಯ ಅಂಚಿನಲ್ಲಿ, ಕರ್ಟನ್ ಏರ್‌ಬ್ಯಾಗ್ ಮಡಚಿ ಕೂತಿರುತ್ತದೆ. ಕೆಳಗೆ ಸೀಟ್‌ಬೆಲ್ಟ್ ಸುರುಳಿ ಇರುತ್ತದೆ.

ಗಾಜಿನ ಮೂಲೆಯ ಗುರುತು ಓದಿ

ಎದುರು ಬದಿಯ ಗಾಜು ಒಡೆದಿಲ್ಲವಲ್ಲ. ಅದರ ಕೆಳಮೂಲೆಯ ಸಣ್ಣ ಅಕ್ಷರಗಳ ಫೋಟೋ ಹೊಡೆದುಕೊಳ್ಳಿ. ಭಾರತದ ಮಾನದಂಡವಾದ ಐಎಸ್ 2553ರ ಐಎಸ್‌ಐ ಗುರುತು ಅಲ್ಲಿರಬಹುದು. ಹೊರಗಿನಿಂದ ಬಂದ ಗಾಡಿಯಾದರೆ ವೃತ್ತದೊಳಗೆ ಇ ಅಕ್ಷರ, ಅದರ ಪಕ್ಕ ದೇಶದ ಅಂಕಿ, ಜೊತೆಗೆ ಗಾಡಿ ಗಾಜಿನ ಅಂತರರಾಷ್ಟ್ರೀಯ ನಿಯಮದ 43ಆರ್ ಎಂಬ ಸಂಖ್ಯೆ ಇರುತ್ತದೆ. ಅಂಕಿ 1 ಇದ್ದರೆ ಒಪ್ಪಿಗೆ ಕೊಟ್ಟದ್ದು ಜರ್ಮನಿ, 4 ಇದ್ದರೆ ನೆದರ್‌ಲ್ಯಾಂಡ್ಸ್. ಅದೇ ಸಾಲಿನಲ್ಲಿ ರೋಮನ್ 5 (V) ಕಂಡರೆ ಆ ಗಾಜು ಶೇ 70ಕ್ಕಿಂತ ಕಡಿಮೆ ಬೆಳಕು ಬಿಡುವ ಕಪ್ಪು ಛಾಯೆಯದು.

ಇದನ್ನು ಇಷ್ಟು ಹೇಳುವುದಕ್ಕೆ ಕಾರಣವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜು ಶೇ 70, ಪಕ್ಕದ ಗಾಜುಗಳು ಶೇ 50 ಬೆಳಕನ್ನಾದರೂ ಬಿಡಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿದ್ದು ಇದೇ ನಿಯಮವನ್ನು ಆಧರಿಸಿ. ಹೊರದೇಶಗಳಲ್ಲಿ ಇದೇ ಮಾದರಿಯ ಎಸ್‌ಯುವಿಗಳಿಗೆ ಹಿಂಬದಿಯಲ್ಲಿ ತುಂಬಾ ಕಪ್ಪಾದ 'ಪ್ರೈವಸಿ' ಗಾಜು ಬರುತ್ತದೆ. ಪರಿಚಯದವರೊಬ್ಬರು ದುಬೈನಿಂದ ಅಗ್ಗಕ್ಕೆ ತರಿಸಿಕೊಡುತ್ತೇನೆ ಎಂದರೆ ಆಸೆಯಾಗುವುದು ಸಹಜ. ಆದರೆ ಬಂದದ್ದು ಇಲ್ಲಿಯ ಅಳತೆಗಿಂತ ಕಪ್ಪಾಗಿದ್ದರೆ ಅದು ನಿಯಮಕ್ಕೆ ವಿರುದ್ಧ. ಮೇಲಾಗಿ ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ.

ಇನ್ನೊಂದು ಸಂಗತಿ, ಗಾಜು ಟಫನ್ಡೋ ಲ್ಯಾಮಿನೇಟೆಡ್ಡೋ ಎಂಬುದು. ದುಬಾರಿ ಗಾಡಿಗಳ ಕೆಲವು ಮಾದರಿಗಳಲ್ಲಿ ಪಕ್ಕದ ಗಾಜೂ ಎರಡು ಪದರದ್ದು, ನಡುವೆ ಸದ್ದು ತಡೆಯುವ ಹಾಳೆ. ಅಂಥದ್ದು ಒಡೆದರೂ ಉದುರದೆ ಜೇಡರ ಬಲೆಯಂತೆ ಬಿರುಕು ಬಿಟ್ಟು ನಿಲ್ಲುತ್ತದೆ. ಅದರ ಜಾಗಕ್ಕೆ ಒಂದೇ ಪದರದ ಟಫನ್ಡ್ ಹಾಕಿಸಿದರೆ ಪೆಟ್ರೋಲ್ ಗಾಡಿಯಲ್ಲಿ ಬಹುಶಃ ಗೊತ್ತಾಗುತ್ತಿರಲಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಇಂಜಿನ್ನಿನ ಸದ್ದೇ ಇಲ್ಲದ ಕಾರಣ ಹುಣಸೂರು ದಾರಿಯಲ್ಲಿ 80 ದಾಟಿದೊಡನೆ ಗಾಳಿ ಕಿವಿಯ ಹಿಂದೆಯೇ ಬೀಸುತ್ತದೆ.

ಯಾವ ಗಾಜು ಕೊಳ್ಳುವುದು

ಕಂಪನಿಯ ಲೋಗೋ ಇರುವ ಗಾಜು ಮೊದಲ ಆಯ್ಕೆ. ಗಾಡಿಯ 17 ಅಕ್ಷರಗಳ ಚಾಸಿಸ್ ನಂಬರ್ ಕೊಟ್ಟರೆ ಅದಕ್ಕೆ ಸರಿಯಾದ ಪಾರ್ಟ್ ನಂಬರ್ ತೆಗೆದು ತರಿಸುತ್ತಾರೆ. ಎಡ-ಬಲ, ಆಂಟೆನಾ ಗೆರೆ ಇರುವುದು-ಇಲ್ಲದ್ದು, ಮೋಲ್ಡಿಂಗ್ ಕಪ್ಪೋ ಹೊಳಪೋ, ಈ ಯಾವುದರಲ್ಲೂ ತಪ್ಪಾಗುವ ಸಂಭವ ಕಡಿಮೆ. ತೊಂದರೆ ಎರಡು: ಬೆಲೆ ಮತ್ತು ಕಾಯುವಿಕೆ. ನಮ್ಮಲ್ಲೇ ಜೋಡಣೆಯಾದ ಗಾಡಿ ಎಂದ ಮಾತ್ರಕ್ಕೆ ಗಾಜೂ ಇಲ್ಲೇ ದಾಸ್ತಾನಿರುತ್ತದೆ ಎಂದು ನಂಬಬೇಡಿ. ವೋಲ್ವೊ ಎಕ್ಸ್‌ಸಿ40 ರೀಚಾರ್ಜ್ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಜೋಡಣೆಯಾದ ಗಾಡಿ. ಕಿಯಾ ಇವಿ6 ಪೂರ್ತಿಯಾಗಿ ಹೊರಗಿನಿಂದ ಬಂದದ್ದು. ಗಾಡಿ ಯಾವುದೇ ಇರಲಿ, ಕ್ವಾರ್ಟರ್ ಗ್ಲಾಸ್‌ನಂಥ ಅಪರೂಪಕ್ಕೆ ಮಾರಾಟವಾಗುವ ಪಾರ್ಟನ್ನು ಆರ್ಡರ್ ಬಂದ ಮೇಲೆ ತರಿಸುವುದೇ ರೂಢಿ. ಆದ್ದರಿಂದ "ಎಷ್ಟು" ಎಂದು ಕೇಳುವ ಮೊದಲು "ಎಷ್ಟು ದಿನ" ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಲೋಗೋ ಇಲ್ಲದ, ಹೆಸರಾಂತ ತಯಾರಕರ ಗಾಜು ಎರಡನೆಯದು. ಕಾರು ಕಂಪನಿಗಳು ಗಾಜನ್ನು ತಾವೇ ಮಾಡುವುದಿಲ್ಲ. ಸೇಂಟ್-ಗೋಬೇನ್ ಸೆಕ್ಯುರಿಟ್, ಪಿಲ್ಕಿಂಗ್ಟನ್, ಎಜಿಸಿ, ಫುಯಾವೊ, ನಮ್ಮ ದೇಶದ ಎಐಎಸ್, ಇಂಥವರ ಹತ್ತಿರ ಮಾಡಿಸಿ ತಮ್ಮ ಲೋಗೋ ಹಾಕಿಸುತ್ತವೆ. ಅದೇ ತಯಾರಕರ ಗಾಜು ಲೋಗೋ ಇಲ್ಲದೆ ಸಿಕ್ಕಿದರೆ, ಮೂಲೆಯ ಗುರುತು ಎದುರು ಬದಿಯದ್ದಕ್ಕೆ ತಾಳೆಯಾದರೆ, ಧೈರ್ಯವಾಗಿ ಕೊಳ್ಳಿ. ಉಳಿತಾಯ ಮಾಡಬಹುದಾದ ಜಾಗ ಇದೊಂದೇ. ಹೆಚ್ಚು ಮಾರಾಟವಾದ ಮಾದರಿಗೆ ಇದು ಸಿಗಬಹುದು, ಬೆರಳೆಣಿಕೆಯಷ್ಟು ಇರುವ ಮಾದರಿಗೆ ಹುಡುಕಿ ಸುಸ್ತಾಗುತ್ತೀರಿ.

ಮೂರನೆಯದು ಹಳೆಯ ಗಾಡಿಯಿಂದ ಬಿಚ್ಚಿದ ಗಾಜು. ನನ್ನ ಮೊದಲ ಗಾಜು ಇಂಥದ್ದೇ. ಹೊಸದಕ್ಕೆ ವಾರಗಟ್ಟಲೆ ಕಾಯಬೇಕು ಎಂದಾಗ ಬೆಂಗಳೂರಿನ ಗುಜರಿಯಿಂದ ಭಾವ ಹುಡುಕಿ ಕಳಿಸಿದರು. ಶಿವಾಜಿನಗರ, ಜೆ.ಸಿ. ರಸ್ತೆಯ ಕಡೆ ಪರಿಚಯವಿದ್ದವರಿಗೆ ಸಿಗದ ಪಾರ್ಟ್ ಇಲ್ಲ. ಆದರೆ ಅಂಟಿಸಿದ ಗಾಜನ್ನು ಕೊಯ್ದು ತೆಗೆಯುವಾಗ ಎರಡು ಕಡೆ ಪೆಟ್ಟು ಬಿದ್ದಿರುತ್ತದೆ. ಒಂದು, ಜೊತೆಗೆ ಎರಕವಾದ ಮೋಲ್ಡಿಂಗಿಗೆ. ಬ್ಲೇಡ್ ತಾಗಿ ಹರಿದಿರುತ್ತದೆ ಅಥವಾ ಎಳೆತಕ್ಕೆ ಅಲೆಅಲೆಯಾಗಿರುತ್ತದೆ. ಇನ್ನೊಂದು, ಟಫನ್ಡ್ ಗಾಜಿನ ಅಂಚಿಗೆ. ಈ ಗಾಜಿನ ದುರ್ಬಲ ಜಾಗ ಅಂಚು. ಅಲ್ಲಿ ಸಣ್ಣ ಚಕ್ಕೆ ಎದ್ದಿದ್ದರೆ ಮುಂದೆಂದೋ ಹೊಂಡದ ರಸ್ತೆಯಲ್ಲಿ ಗಾಡಿ ಕುಲುಕಿದಾಗ ತಾನಾಗಿಯೇ ಸಿಡಿಯಬಹುದು. ಹಳೆಯ ಗಾಜು ಕೊಳ್ಳಲೇಬೇಕಾದರೆ ಸುತ್ತಲಿನ ಅಂಚಿನ ಮೇಲೆ ಉಗುರು ಎಳೆದು ನೋಡಿ. ಎಲ್ಲಿ ತಡೆದರೂ ಬೇಡ.

ಅಳತೆಗೆ ಕತ್ತರಿಸಿದ ಅಕ್ರಿಲಿಕ್ ಶೀಟ್ ಹಾಕಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಕಿಟಕಿಗಳಿಗೆ ಮಾನದಂಡಕ್ಕೆ ಒಪ್ಪುವ ಸುರಕ್ಷತಾ ಗಾಜೋ ಸುರಕ್ಷತಾ ಗ್ಲೇಜಿಂಗೋ ಇರಬೇಕೆಂದು ಅದೇ 100ನೇ ನಿಯಮ ಹೇಳುತ್ತದೆ, ಅಳತೆಗೆ ಕತ್ತರಿಸಿದ ಸಾದಾ ಶೀಟ್ ಅದಲ್ಲ. ಗಾಜು ಬರುವವರೆಗಿನ ಮುಚ್ಚಳವಾಗಿ ಬೇಕಾದರೆ ಇರಲಿ.

ಯಾರ ಕೈಯಲ್ಲಿ

ಅಂಟಿಸುವ ಕೆಲಸ ಹೇಗೆ ನಡೆಯಬೇಕೆಂದು ತಿಳಿದರೆ ಯಾರಿಗೆ ಕೊಡಬೇಕೆಂಬುದು ಅರ್ಧ ತೀರ್ಮಾನವಾದ ಹಾಗೆ. ಹಳೆಯ ಅಂಟನ್ನು ಲೋಹ ಕಾಣುವ ಹಾಗೆ ಕೆರೆಯಬಾರದು. ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಸಮನಾಗಿ ಕೊಯ್ದು ಉಳಿಸಬೇಕು, ಹೊಸ ಪಿಯು ಅದರ ಮೇಲೆಯೇ ಗಟ್ಟಿಯಾಗಿ ಹಿಡಿಯುತ್ತದೆ. ಬ್ಲೇಡ್ ತಾಗಿ ಬಣ್ಣ ಎದ್ದ ಕಡೆ ಲೋಹಕ್ಕೆ ಪ್ರೈಮರ್ (ಅಂಟಿಗೆ ಮೊದಲು ಹಚ್ಚುವ ತೆಳು ಲೇಪ) ಹಚ್ಚಬೇಕು, ಇಲ್ಲವಾದರೆ ಅಂಟಿನ ಅಡಿಯಲ್ಲಿ ತುಕ್ಕು ಹರಡಿ ಅಂಟೇ ಎದ್ದುಬರುತ್ತದೆ. ಗಾಜಿನ ಅಂಚನ್ನು ಕ್ಲೀನರ್‌ನಿಂದ ಒರೆಸಿ ಅದಕ್ಕೂ ಕಪ್ಪು ಪ್ರೈಮರ್ ಹಚ್ಚಬೇಕು, ಬಿಸಿಲು ಗಾಜಿನ ಮೂಲಕ ಬಿದ್ದು ಅಂಟು ಹಾಳಾಗದಿರಲಿ ಎಂದು. ಆಮೇಲೆ ಪಿಯುವನ್ನು ಎಲ್ಲೂ ಕಡಿಯದೆ, ತ್ರಿಕೋನದ ಬತ್ತಿಯಂತೆ ಸುತ್ತ ಎಳೆದು, ಗಾಜನ್ನು ಒಂದೇ ಸಲ ಸರಿಯಾಗಿ ಕೂರಿಸಿ, ಟೇಪ್ ಹಾಕಿ ಬಿಡಬೇಕು.

ನನ್ನ ಮೊದಲ ಸಲದ ಕೆಲಸ ನಡೆದದ್ದು ಜಿಲ್ಲೆಯ ಒಂದು ಗ್ಯಾರೇಜಿನಲ್ಲಿ. ಟಿಂಕರಿಂಗ್, ಪೇಂಟಿಂಗ್‌ನಲ್ಲಿ ಅವರ ಕೈ ಬಹಳ ಒಳ್ಳೆಯದು. ನನ್ನ ಹಳೆಯ ಜೀಪಿನ ಬಾಡಿ ಕೆಲಸ ಅಲ್ಲೇ ಮಾಡಿಸಿದ್ದೆ. ಗಾಜು ಕೂರಿಸಿದ ದಿನ ಸಂಜೆ ಗಾಡಿ ತರಲು ಹೋದಾಗ ಒಳಗೆ ವಿನೆಗರ್ ವಾಸನೆ. ಅದೇನೆಂದು ಆಗ ಹೊಳೆಯಲಿಲ್ಲ. ಪಿಯುಗೆ ಆ ವಾಸನೆ ಇಲ್ಲ. ಅದು ಬಚ್ಚಲು, ಕಿಟಕಿಗೆ ಹಚ್ಚುವ ಸಿಲಿಕೋನಿನ ವಾಸನೆ. ಆ ಬಗೆಯ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ. ಗಾಜಿನ ಭಾರ, ಬಾಡಿಯ ಕುಲುಕಾಟ ತಡೆಯುವ ಬಲ ಅದಕ್ಕಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಅದು ಒಮ್ಮೆ ತಾಗಿದ ಜಾಗದಲ್ಲಿ ಪಿಯು ಹಿಡಿಯುವುದೇ ಇಲ್ಲ. ಹತ್ತು ದಿನ ಎಲ್ಲ ಸರಿಯಿತ್ತು. ಸೆಪ್ಟೆಂಬರ್ ನಡುವೆ ಒಂದು ರಾತ್ರಿ ಮೂರು ಇಂಚು ಮಳೆ ಹೊಡೆಯಿತು. ಬೆಳಿಗ್ಗೆ ಡಿಕ್ಕಿ ತೆರೆದರೆ ಒದ್ದೆ ಗೋಣಿಯ ವಾಸನೆ. ಎರಡು ದಿನ ಕಳೆದು ಡಿಕ್ಕಿಯ ಬಾಗಿಲು ಬಟನ್ ಒತ್ತಿದರೆ ಅರ್ಧಕ್ಕೇ ನಿಲ್ಲತೊಡಗಿತು. ಟ್ರಿಮ್ ಬಿಚ್ಚಿದಾಗ ಡಿಕ್ಕಿಯ ಪಕ್ಕದ ಗುಂಡಿಯಲ್ಲಿ ಒಂದು ಲೋಟದಷ್ಟು ನೀರು, ಅದರ ಪಕ್ಕದಲ್ಲೇ ವೈರಿಂಗ್ ಕನೆಕ್ಟರ್. ನೀರು ಹೋಗಬೇಕಾದ ತೂತನ್ನು ಹಳೆಯ ಗಾಜಿನ ಚೂರುಗಳು ಮುಚ್ಚಿದ್ದವು.

ಎಲೆಕ್ಟ್ರಿಕ್ ಗಾಡಿಯ ಮಾಲೀಕರು ಈ ಗುಂಡಿಯನ್ನು ಮರೆಯಬಾರದು. ಹೈವೋಲ್ಟೇಜ್ ಬ್ಯಾಟರಿ ನೆಲದಡಿ ಭದ್ರವಾಗಿ ಮುಚ್ಚಿರುತ್ತದೆ, ಗಾಜಿನ ಕೆಲಸ ಅದನ್ನು ಮುಟ್ಟುವುದಿಲ್ಲ. "ಇವಿ, ಶಾಕ್ ಹೊಡೆಯುತ್ತೆ" ಎಂದು ಹೆದರಿ ಗಾಡಿಯನ್ನೇ ಮುಟ್ಟದವರೂ ಸಿಕ್ಕಿದರು, ಅಷ್ಟು ಭಯ ಬೇಕಿಲ್ಲ. ಆದರೆ ಚಾರ್ಜಿಂಗ್ ಪೋರ್ಟ್ ಎಲ್ಲಿದೆ ಎಂದು ನೋಡಿಕೊಳ್ಳಿ. ಎಕ್ಸ್‌ಸಿ40 ರೀಚಾರ್ಜ್‌ನಲ್ಲಿ ಅದು ಹಿಂದೆ ಎಡಗಡೆ; ಇವಿ6, ಹ್ಯುಂಡೈ ಅಯಾನಿಕ್ 5, ಬಿಎಂಡಬ್ಲ್ಯು ಐಎಕ್ಸ್‌ನಲ್ಲಿ ಹಿಂದೆ ಬಲಗಡೆ. ಅಂದರೆ ಒಂದು ಬದಿಯ ಕ್ವಾರ್ಟರ್ ಗ್ಲಾಸಿನ ಕೆಳಗೆ, ಒಳಗಿನ ಟ್ರಿಮ್ಮಿನ ಹಿಂದೆ, ಹೈವೋಲ್ಟೇಜಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹಾದುಹೋಗಬಹುದು. ಆ ಕಡೆ ಉದ್ದ ಬ್ಲೇಡ್ ಅಥವಾ ಸ್ಕ್ರೂಡ್ರೈವರ್ ತೂರಿಸುವವರು ಅದನ್ನು ನೋಡಿಯೇ ಕೈ ಹಾಕಬೇಕು. ಐಎಕ್ಸ್‌ನಂಥ ಗಾಡಿಯ ಪಕ್ಕದ ಚೌಕಟ್ಟಿನಲ್ಲಿ ಕಾರ್ಬನ್ ಫೈಬರ್ ಇರುವುದರಿಂದ ಬ್ಲೇಡ್ ಜಾರಿದರೆ ಟಿಂಕರ್ ತಟ್ಟಿ ಸರಿ ಮಾಡುವ ಮಾತೇ ಇಲ್ಲ. ಏರ್‌ಬ್ಯಾಗ್ ಕನೆಕ್ಟರ್ ಮುಟ್ಟುವ ಮೊದಲು 12 ವೋಲ್ಟ್ ಬ್ಯಾಟರಿ ಬಿಚ್ಚಿ, ಕಂಪನಿ ಹೇಳಿದಷ್ಟು ಹೊತ್ತು ಕಾಯಬೇಕು. ಎಲೆಕ್ಟ್ರಿಕ್ ಗಾಡಿ ಎಚ್ಚರವಿದ್ದಾಗ ದೊಡ್ಡ ಬ್ಯಾಟರಿಯೇ ಆ 12 ವೋಲ್ಟಿಗೆ ಕರೆಂಟ್ ತುಂಬುತ್ತಿರುತ್ತದೆ. ಆದ್ದರಿಂದ ಪೆಟ್ರೋಲ್ ಗಾಡಿಯಂತೆ ಸುಮ್ಮನೆ ಟರ್ಮಿನಲ್ ಎಳೆದರೆ ಸಾಲದು, ಆ ಮಾದರಿಯ ಕ್ರಮ ಗೊತ್ತಿರಬೇಕು.

ಈಗ ಹೋಲಿಕೆ ಸುಲಭ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಏರ್‌ಬ್ಯಾಗ್, ಟ್ರಿಮ್, 12 ವೋಲ್ಟ್ ಕ್ರಮ ಎಲ್ಲ ಗೊತ್ತು, ವಾರಂಟಿ ವಿಷಯದಲ್ಲಿ ತಕರಾರು ಬರುವುದಿಲ್ಲ. ಗಾಜು ಅಂಟಿಸುವುದು ಅಲ್ಲಿ ದಿನನಿತ್ಯದ ಕೆಲಸವಲ್ಲ, ಎಷ್ಟೋ ಕಡೆ ಅವರೂ ಹೊರಗಿನ ಗಾಜಿನವರನ್ನೇ ಕರೆಸುತ್ತಾರೆ. ಕೇಳಿ ತಿಳಿದುಕೊಳ್ಳಿ, ತಪ್ಪಿಲ್ಲ. ಗಾಜಿನ ಕೆಲಸವನ್ನೇ ಮಾಡುವ ಮೈಸೂರು, ಮಂಗಳೂರಿನ ಅಂಗಡಿಗಳಿಗೆ ಅಂಟು ಕರಗತ. ದಿನಕ್ಕೆ ನಾಲ್ಕು ಗಾಡಿ ಮಾಡುವ ಕೈ ಅದು. ಆದರೆ ಅವರಲ್ಲಿ ಎಲ್ಲರೂ ಇಂಥ ಗಾಡಿಯ ಟ್ರಿಮ್ ಬಿಚ್ಚಿದವರಲ್ಲ, ಒಂದು ಕ್ಲಿಪ್ ಮುರಿದರೆ ಅದಕ್ಕೂ ವಾರ ಕಾಯಬೇಕು. ಸ್ಥಳೀಯ ಗ್ಯಾರೇಜಿನ ಬಲ ಎಂದರೆ ಹತ್ತಿರವಿದ್ದಾರೆ, ಮುಖ ಪರಿಚಯವಿದೆ, ತಪ್ಪಾದರೆ ಮನೆಗೇ ಬರುತ್ತಾರೆ. ಅಂಟಿಸಿದ ಗಾಜಿಗೆ ಅದು ಸಾಕಾಗುವುದಿಲ್ಲ ಎಂದು ನೋವಿನಿಂದಲೇ ಹೇಳುತ್ತಿದ್ದೇನೆ.

ನಾನು ಎರಡನೆಯ ಸಲ ಆರಿಸಿದ ದಾರಿ, ಈಗಲೂ ಶಿಫಾರಸು ಮಾಡುವುದು ಇದು: ಗಾಜು ಕಂಪನಿಯಿಂದ ತರಿಸಿ, ಟ್ರಿಮ್ ಬಿಚ್ಚುವುದೂ ಜೋಡಿಸುವುದೂ ಸರ್ವಿಸ್ ಸೆಂಟರ್‌ನಲ್ಲೇ, ಅಂಟಿಸುವುದು ಅದೇ ಕಟ್ಟಡದೊಳಗೆ ಗಾಜಿನ ಕೆಲಸದವರ ಕೈಯಲ್ಲಿ. ಯಾವ ಪಿಯು, ಯಾವ ಪ್ರೈಮರ್, ಟ್ಯೂಬಿನ ಮೇಲಿನ ಅವಧಿ ಮುಗಿಯುವ ದಿನಾಂಕ ಎಷ್ಟು ಎಂದು ಕೇಳಿದೆ. ಗಾಜಿನ ಕೆಲಸದ ಹುಡುಗ ಟ್ಯೂಬನ್ನೇ ತಂದು ತೋರಿಸಿದ. ಗಾಜಿನಲ್ಲಿ ಆಂಟೆನಾ ಗೆರೆ ಇದೆ, ಅದಕ್ಕೆ ವಿದ್ಯುತ್ ಹರಿಸದ ಬಗೆಯ ಅಂಟು ಬೇಕು ಎಂದು ನಾನು ಹೇಳುವ ಮೊದಲೇ ಅವನು ಹೇಳಿದ. ಹೀಗೆ ಉತ್ತರ ಕೊಡುವ ಕೈ ಸಿಕ್ಕಿದರೆ ಆಮೇಲೆ ಬೆಲೆಗೆ ಚೌಕಾಸಿ ಮಾಡಬೇಡಿ. ಹಳೆಯ ಸಿಲಿಕೋನ್ ಕೆರೆದು ತೆಗೆಯಲಿಕ್ಕೇ ಅವನಿಗೆ ಅರ್ಧ ದಿನ ಹಿಡಿಯಿತು. ಗುಜರಿಯ ಗಾಜಿನ ಮೋಲ್ಡಿಂಗ್ ಮೊದಲೇ ಅಲೆಯಾಗಿತ್ತು, ಈಗ ಪೂರ್ತಿ ಹರಿಯಿತು. ಅದನ್ನು ಅಲ್ಲೇ ಬಿಟ್ಟು ಬಂದೆ.

ಬಿಲ್ಲಿನಲ್ಲಿ "ಕ್ಯಾಲಿಬ್ರೇಶನ್" ಎಂದು ದೊಡ್ಡ ಮೊತ್ತ ಕಂಡರೆ ಯಾಕೆಂದು ಕೇಳಿ. ವಿಂಡ್‌ಶೀಲ್ಡ್ ಬದಲಿಸಿದಾಗ ಅದರ ಹಿಂದಿನ ಕ್ಯಾಮೆರಾದ ಗುರಿ ಸರಿಹೊಂದಿಸಲು ಅದು ಬೇಕೇಬೇಕು. ಕ್ಯಾಮೆರಾ ಇಲ್ಲದ ಕ್ವಾರ್ಟರ್ ಗ್ಲಾಸಿಗೆ ಸಾಮಾನ್ಯವಾಗಿ ಬೇಡ.

ಎಲ್ಲಿ, ಯಾವ ಹವೆಯಲ್ಲಿ

ಮನೆ ಬಾಗಿಲಿಗೇ ಬಂದು ಹಾಕಿಕೊಡುವ ಸೇವೆಯೂ ಈಗ ಇದೆ. ಬಯಲುಸೀಮೆಯಲ್ಲಿ ಇದು ಒಳ್ಳೆಯ ಅನುಕೂಲ. ಕೊಡಗಿನಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ನಾನಂತೂ ಬೇಡ ಎನ್ನುತ್ತೇನೆ.

ಪಿಯು ಗಾಳಿಯ ತೇವ ಹೀರಿಯೇ ಗಟ್ಟಿಯಾಗುವ ಅಂಟು. ಸಾಮಾನ್ಯ ಹವೆಯಲ್ಲಿ 24 ಗಂಟೆಗೆ 3ರಿಂದ 4 ಮಿಲಿಮೀಟರ್ ಆಳಕ್ಕೆ ಗಟ್ಟಿಯಾಗುತ್ತದೆ. ಹಾಗಾದರೆ ನಮ್ಮ ಮಳೆಗಾಲ ಒಳ್ಳೆಯದೇ ಅಲ್ಲವೇ ಎನಿಸಬಹುದು. ಗಾಳಿಯ ತೇವ ಬೇರೆ, ಲೋಹದ ಮೇಲೆ ಕೂತ ನೀರು ಬೇರೆ. ಮಡಿಕೇರಿಯಲ್ಲಿ ಮಂಜು ಇಳಿದ ಬೆಳಿಗ್ಗೆ ಗಾಡಿಯ ಮೇಲೆ ಕೈ ಎಳೆದು ನೋಡಿ, ಶೆಡ್ಡಿನೊಳಗಿದ್ದರೂ ಬೆರಳು ಒದ್ದೆಯಾಗುತ್ತದೆ. ಕಣ್ಣಿಗೆ ಕಾಣದ ಆ ಪದರದ ಮೇಲೆ ಪ್ರೈಮರ್ ಹಚ್ಚಿದರೆ ಅದು ಲೋಹಕ್ಕಲ್ಲ, ನೀರಿಗೆ ಅಂಟಿಕೊಂಡ ಹಾಗೆ. ಚಳಿಯಲ್ಲಿ ಅಂಟು ಗಟ್ಟಿಯಾಗುವುದೂ ನಿಧಾನ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಮಾಡಿಸುವುದಾದರೆ ಬೆಳಿಗ್ಗೆ ಏಳಕ್ಕೆ ಬೇಡ, ಬಿಸಿಲೇರಿದ ಮೇಲೆ ಸರಿ.

ಜಿಲ್ಲೆಯೊಳಗೇ ಹವೆಯ ವ್ಯತ್ಯಾಸ ಎಷ್ಟೆಂದು ಮಳೆ ಲೆಕ್ಕ ಬರೆದಿಡುವವರಿಗೆಲ್ಲ ಗೊತ್ತು. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದುಂಟು, ಕುಶಾಲನಗರ ಒಣ ಸೀಮೆ. ಮಳೆಗಾಲದಲ್ಲಿ ಇಲ್ಲೇ ಮಾಡಿಸಬೇಕಾದ ಪರಿಸ್ಥಿತಿ ಬಂದರೆ ಗಾಡಿಯನ್ನು ಕುಶಾಲನಗರದ ಕಡೆ ಇಳಿಸಿ, ನಾಲ್ಕೂ ಕಡೆ ಗೋಡೆ ಇರುವ ಶೆಡ್ಡಿನಲ್ಲಿ ಮಾಡಿಸಿ. ನನ್ನ ಆಯ್ಕೆ ಮೈಸೂರು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಇಂಥ ಗಾಡಿಗೆ ಒಂದು ಚಾರ್ಜಿನಲ್ಲಿ ಹೋಗಿಬರುವ ದೂರ. ಮಂಗಳೂರು ಸಂಪಾಜೆ ಘಟ್ಟ ಇಳಿದು 140ರ ಆಸುಪಾಸು. ಬೆಂಗಳೂರು 260, ಬೇರೆ ಕೆಲಸ ಇದ್ದರೆ ಮಾತ್ರ.

ಗಾಡಿಯನ್ನು ಅಂದೇ ಮನೆಗೆ ತರಬೇಕು ಎಂಬ ಹಟ ಬೇಡ. ಎಷ್ಟು ಗಂಟೆ ಕಳೆದ ಮೇಲೆ ಓಡಿಸಬಹುದು ಎಂಬುದು ಅಂಟಿನ ಟ್ಯೂಬಿನ ಮೇಲೆ ಬರೆದಿರುತ್ತದೆ. ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಹಲವು ಗಂಟೆ. ಅದು ಟಾರು ರಸ್ತೆಗೆ ಸರಿ. ನಮ್ಮ ತೋಟದ ಕಲ್ಲು ರಸ್ತೆಯಲ್ಲಿ ಒಂದು ಚಕ್ರ ಹೊಂಡಕ್ಕಿಳಿದರೆ ಇಡೀ ಬಾಡಿ ತಿರುಚಿಕೊಳ್ಳುತ್ತದೆ, ಹಸಿ ಅಂಟು ಅಲ್ಲೇ ಬಿಡುತ್ತದೆ. ಒಂದು ರಾತ್ರಿ ಅಲ್ಲೇ ಬಿಟ್ಟು ಬನ್ನಿ. ತಂದ ಮೇಲೂ ಒಂದೆರಡು ದಿನ ಬಾಗಿಲು ಹಾಕುವಾಗ ಮುಂದಿನ ಕಿಟಕಿ ಎರಡು ಬೆರಳು ಇಳಿಸಿಟ್ಟಿರಿ. ಇಲ್ಲವಾದರೆ ಒಳಗಿನ ಗಾಳಿ ಹೊಸ ಗಾಜನ್ನು ಹೊರಗೆ ತಳ್ಳುತ್ತದೆ. ಪ್ರೆಷರ್ ವಾಷ್ ಒಂದು ವಾರ ಬೇಡ.

ಕಾಯುವ ದಿನಗಳಲ್ಲಿ

ಗಾಜು ಬರುವವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ. ಮೆಣಸು ಒಣಗಿಸುವ ಶೆಡ್ಡಿಗೆ ಹಾಕುವ ಪಾರದರ್ಶಕ ಶೀಟ್ ಇದೆಯಲ್ಲ, ಅದರ ತುಂಡು ಟಾರ್ಪಾಲಿಗಿಂತ ಒಳ್ಳೆಯದು, ಹಿಂದಿನದು ಕಾಣುತ್ತದೆ. ಬಣ್ಣದ ಮೇಲೆ ಮೊದಲು ಪೇಂಟರ್‌ಗಳ ಮಾಸ್ಕಿಂಗ್ ಟೇಪ್, ಅದರ ಮೇಲೆ ದಪ್ಪ ಟೇಪ್. ನೇರವಾಗಿ ಪ್ಯಾಕಿಂಗ್ ಟೇಪ್ ಹಚ್ಚಿದರೆ ಗೋಂದು ಬಣ್ಣದ ಮೇಲೆ ಉಳಿಯುತ್ತದೆ. ಒಳಗೆ ಏರ್‌ಬ್ಯಾಗ್ ಇರುವ ಮೇಲಂಚಿಗೆ ಏನನ್ನೂ ಅಂಟಿಸಬೇಡಿ. ಶೀಟ್ ಗಾಳಿಗೆ ಅಲುಗಿದರೆ ಒಳಗಿನ ಅಲಾರಂ ಸೆನ್ಸರ್ ರಾತ್ರಿಯಿಡೀ ಕೂಗಬಹುದು, ಮೆನುವಿನಲ್ಲಿ ಅದನ್ನು ಆಫ್ ಮಾಡಿಡಿ.

ಚೂರುಗಳನ್ನು ವ್ಯಾಕ್ಯೂಮ್ ಮಾಡುವಾಗ ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ಎರಡೂ ಬದಿ ನೋಡಿ. ಸುರುಳಿಯೊಳಗೆ ಒಂದು ಚೂರು ಸೇರಿದರೂ ಬೆಲ್ಟಿನ ನೇಯ್ಗೆಯನ್ನು ಅದು ದಿನವೂ ಕೊಯ್ಯುತ್ತದೆ.

ಇನ್ಶೂರೆನ್ಸೋ, ಕೈಯಿಂದಲೋ

ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ನಮ್ಮ ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಡಿತ ಇಲ್ಲ; ಗಾಡಿ ಎಷ್ಟು ಹಳೆಯದಾದರೂ ಗಾಜಿನ ಪೂರ್ತಿ ಬೆಲೆ ಸಿಗುತ್ತದೆ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಕಡಿತ, ಜೊತೆಗೆ ಪ್ರತಿ ಕ್ಲೇಮಿಗೂ ಒಂದು ಕಡ್ಡಾಯ ಕಡಿತ. ಸವಕಳಿ ಕಡಿತವನ್ನೇ ತಪ್ಪಿಸುವ ಜೀರೋ ಡೆಪ್ ಆ್ಯಡ್-ಆನ್ ಇದ್ದರೆ ಕ್ಲಿಪ್, ಟ್ರಿಮ್‌ಗಳ ಕಡಿತವೂ ತಪ್ಪುತ್ತದೆ. ಇಷ್ಟು ಕೇಳಿದರೆ ಕ್ಲೇಮ್ ಮಾಡುವುದೇ ಸರಿ ಎನಿಸುತ್ತದೆ.

ನೋ ಕ್ಲೇಮ್ ಬೋನಸ್ ಲೆಕ್ಕ ಹಾಕಿ ನೋಡಿ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ. ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಅದು ಸೊನ್ನೆ. ಅಲ್ಲಿಂದ ಮತ್ತೆ 20, 25, 35, 45, 50 ಎಂದು ಹತ್ತಬೇಕು. ಅಂದರೆ ಕಳೆದುಕೊಳ್ಳುವುದು ಮೊದಲ ವರ್ಷ 50, ಆಮೇಲೆ 30, 25, 15, 5. ಒಟ್ಟು ಒಂದು ವರ್ಷದ ಪ್ರೀಮಿಯಂನ ಶೇ 125. ಉದಾಹರಣೆಗೆ ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮೊದಲು ₹60,000 ಇದ್ದು ಹಾಗೇ ಮುಂದುವರಿಯಿತು ಎಂದುಕೊಂಡರೆ ಐದು ವರ್ಷದಲ್ಲಿ ₹75,000 ಹೋಗುತ್ತದೆ. ಗಾಡಿಯ ಬೆಲೆ ಇಳಿದಂತೆ ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಕಡಿಮೆ. ಗಾಜು, ಕೂಲಿ ಸೇರಿ ಆ ಮೊತ್ತದ ಹತ್ತಿರವೂ ಬರದಿದ್ದರೆ ಕೈಯಿಂದ ಕೊಡುವುದು ಮೇಲು. ಬೋನಸ್ ಕಾಪಾಡುವ ಆ್ಯಡ್-ಆನ್ ತೆಗೆದುಕೊಂಡಿದ್ದರೆ ಕ್ಲೇಮ್ ಮಾಡಿ. ನಿಮ್ಮ ಬೋನಸ್ ಇನ್ನೂ 20ರಲ್ಲೇ ಇದ್ದರೆ ನಷ್ಟ ಇದಕ್ಕಿಂತ ಕಡಿಮೆ, ಅದೇ ರೀತಿ ಲೆಕ್ಕ ಹಾಕಿ ನೋಡಿ.

ಕ್ಲೇಮ್ ಮಾಡುವುದಾದರೆ ಗಾಡಿಗೆ ಕೈ ಹಚ್ಚುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಒಡೆದ ಗಾಜು, ನಂಬರ್ ಪ್ಲೇಟ್, ತಾಗಿದ ಕಲ್ಲು, ಮೂರರ ಫೋಟೋ ಇರಲಿ. ಯಾರೋ ಕಳ್ಳತನಕ್ಕೆ ಅಥವಾ ದ್ವೇಷಕ್ಕೆ ಒಡೆದದ್ದಾದರೆ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ನನ್ನ ಮೊದಲ ಕೆಲಸದ ನೀರು ಸೋರಿಕೆಗೆ ಇನ್ಶೂರೆನ್ಸ್ ಸಿಗಲಿಲ್ಲ. ಕೆಟ್ಟ ಕೆಲಸಗಾರಿಕೆ ಅಪಘಾತವಲ್ಲ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ಗಾಡಿ ವಾಪಸ್ ಪಡೆಯುವಾಗ

ಅಂಟು ಹಿಡಿದ ಮೇಲೆ, ಒಳಗಿನ ಟ್ರಿಮ್ ಹಾಕುವ ಮೊದಲು, ಹೊರಗಿನಿಂದ ಮೆಲ್ಲಗೆ ಪೈಪ್ ನೀರು ಬಿಡಿಸಿ ನೋಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ಟ್ರಿಮ್ ಹಾಕಿದ ಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ಡ್ಯಾಶ್‌ನಲ್ಲಿ ಏರ್‌ಬ್ಯಾಗ್ ದೀಪ ಆರಿರಬೇಕು, ಹಿಂದಿನ ಬೆಲ್ಟ್ ಸರಾಗವಾಗಿ ಓಡಬೇಕು, ರೇಡಿಯೋ ಮೊದಲಿನಂತೆ ಹಿಡಿಯಬೇಕು. ಬಿಲ್ಲಿನಲ್ಲಿ ಅಂಟಿನ ಹೆಸರು ಮತ್ತು ಸೋರಿಕೆಗೆ ಎಷ್ಟು ತಿಂಗಳ ಹೊಣೆ ಎಂದು ಬರೆಸಿ. ಒಂದು ಮಳೆಗಾಲವಾದರೂ ಅದರೊಳಗೆ ಬರಬೇಕು.

ಮನೆಗೆ ಬಂದ ಮೇಲೆ ಡಿಕ್ಕಿಯ ಪಕ್ಕದ ಗುಂಡಿಯಲ್ಲಿ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಿ ಮುಚ್ಚಿಬಿಡಿ. ಒಂದು ಹನಿ ಬಿದ್ದರೂ ಒಣಗಿದ ಮೇಲೆ ಅದರ ಗುರುತು ಪೇಪರಿನಲ್ಲಿ ಉಳಿಯುತ್ತದೆ. ನಾನು ಹಾಸಿದ್ದು ಅಕ್ಟೋಬರ್ ನಡುವೆ. ಅದೇ ವಾರ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವಾಗ ಭಾಗಮಂಡಲದಿಂದ ಮೇಲೆ ಮಳೆ ಒಂದೇ ಸಮ ಸುರಿಯಿತು, ವೈಪರ್ ಸಾಲದಷ್ಟು. ಮನೆಗೆ ಬಂದವನೇ ಡಿಕ್ಕಿ ತೆರೆದು ಪೇಪರ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ, ಅಮ್ಮನೂ ಪಕ್ಕದಲ್ಲಿ ನಿಂತು ನೋಡಿದರು. ಒಂದು ಹನಿಯ ಗುರುತೂ ಇರಲಿಲ್ಲ. ಅದನ್ನೇ ಮತ್ತೆ ಹಾಸಿದ್ದೇನೆ, ಮುಂದಿನ ಜುಲೈ ಮುಗಿಯುವವರೆಗೆ ಅದು ಅಲ್ಲೇ ಇರುತ್ತದೆ.